ಎರಿ ಹೊಲದ ಬೆನ್ನುಗಳು

ಜನವರಿ ಎರಡನೇ ವಾರ, ಇಂಡಿ ತಾಲೂಕು. ಸಂಜೆ ಐದೂವರೆ. ತೊಗರಿ ಕೊಯ್ದು ಬರಿದಾದ ಹೊಲದ ಬದುವಿನ ಮೇಲೆ ಕೂತು ಒಂದು ತಾಸಾಯಿತು. ಎಡಕ್ಕೆ ಬಿಳಿಜೋಳ ತೆನೆ ಹೊತ್ತು ನಿಂತಿದೆ, ಬಲಕ್ಕೆ ಮೊಣಕಾಲೆತ್ತರದ ಕಡಲೆ. ಹ್ಯಾರಿಯರ್ ಹಕ್ಕಿಗಳು ಒಂದೊಂದಾಗಿ ಬರುತ್ತಿವೆ. ಆಳೆತ್ತರದಲ್ಲಿ ತೇಲುತ್ತ ಬಂದು, ರೆಕ್ಕೆಯನ್ನು ತುಸು ಮೇಲಕ್ಕೆ ಎತ್ತಿ ಹಿಡಿದು, ಹೊಲದ ಮೇಲೆ ಎರಡು ಸುತ್ತು ಹಾಕಿ ಹುಲ್ಲಿನ ನಡುವೆ ನೆಲಕ್ಕೇ ಇಳಿಯುತ್ತವೆ. ಇವಕ್ಕೆ ಮರ ಬೇಕಿಲ್ಲ, ರಾತ್ರಿ ಕಳೆಯಲು ಬಯಲೇ ಸಾಕು. ಅಕ್ಟೋಬರಿನಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬಂದು, ಮಿಡತೆ ತಿಂದುಕೊಂಡಿದ್ದು, ಬಿಸಿಲು ಏರುತ್ತಲೇ ಹೊರಟುಹೋಗುತ್ತವೆ.

ಗಂಡುಗಳನ್ನು ಗುರುತಿಸುವುದು ಸಲೀಸು. ತಂಟೆ ಇರುವುದು ಹೆಣ್ಣು ಮತ್ತು ಮರಿಗಳದ್ದು. ಮೈಯೆಲ್ಲ ಕಂದು, ಬಾಲದ ಬುಡದಲ್ಲಿ ಒಂದು ಬಿಳಿ ಪಟ್ಟಿ. ಮಾಂಟೆಗು ಹ್ಯಾರಿಯರ್ ಕೂಡ ಹಾಗೇ, ಪ್ಯಾಲಿಡ್ ಹ್ಯಾರಿಯರ್ ಕೂಡ ಹಾಗೇ. ಪ್ಯಾಲಿಡ್‌ನ ಕೆನ್ನೆಯ ಕಪ್ಪಿನ ಹಿಂದೆ ಕೊರಳ ಸುತ್ತ ಒಂದು ಮಸುಕು ಬಿಳಿ ಪಟ್ಟಿ ಇರುತ್ತದೆ. ಅದೂ ಹಕ್ಕಿ ತಿರುಗಿದಾಗ, ಬೆಳಕು ಸರಿಯಾಗಿ ಬಿದ್ದಾಗ, ಒಂದು ಕ್ಷಣ ಕಂಡರೆ ಕಂಡಂತೆ. ಎಂಟು ಚಳಿಗಾಲ ನಾನು ಕಂದು ಬಣ್ಣದ್ದನ್ನೆಲ್ಲ ಮಾಂಟೆಗು ಎಂದೇ ಬರೆದುಕೊಂಡೆ. ಒಂಬತ್ತನೇ ವರ್ಷ ಒಂದು ಫೋಟೊ ದೊಡ್ಡದು ಮಾಡಿ ನೋಡಿದಾಗ ಕೊರಳ ಪಟ್ಟಿ ಕಂಡಿತು. ಹಳೆಯ ನೋಟುಬುಕ್ಕುಗಳನ್ನೆಲ್ಲ ತೆಗೆದು ಪ್ರಶ್ನೆ ಚಿಹ್ನೆ ಹಾಕಿಕೊಂಡು ಕೂತೆ.

ನನ್ನ ಜೊತೆ ಬರುವ ಗೆಳೆಯ ಎಲುಬಿನ ಡಾಕ್ಟರು. ಹಕ್ಕಿಯ ಮೇಲೆ ಅವನಿಗೆ ಅಷ್ಟಕ್ಕಷ್ಟೇ. ಜನ ಹೇಗೆ ನಡೆಯುತ್ತಾರೆ, ಹೇಗೆ ಬಾಗುತ್ತಾರೆ ಎಂದು ನೋಡುವ ಚಟ. ಆ ದಿನ ಆ ಹೊಲದಲ್ಲಿ ಕುರಿ ತರುಬಿದ್ದರು. ಕರಿ ಡೆಕ್ಕನಿ ಕುರಿ, ನಡುವೆ ಹತ್ತಿಪ್ಪತ್ತು ಆಡು. ಬಲೆ ಕಟ್ಟುತ್ತಿದ್ದ ಕುರಿಗಾರ ಗೂಟ ಎತ್ತಿಕೊಳ್ಳಲು ಬಗ್ಗಲಿಲ್ಲ. ಬೆನ್ನನ್ನು ಹಲಗೆಯಂತೆ ನೆಟ್ಟಗೆ ಹಿಡಿದು, ಮೊಣಕಾಲು ಮಡಚಿ, ಒಂದು ಕೈಯನ್ನು ತೊಡೆಯ ಮೇಲೆ ಊರಿ ಕೆಳಗಿಳಿದ. ಏಳುವಾಗ ತನ್ನ ತೊಡೆಯ ಮೇಲೆ ತಾನೇ ಕೈಯೂರಿ ಹತ್ತಿದ. ಗೆಳೆಯ ನನ್ನ ಕೈಯಿಂದ ದುರ್ಬೀನು ಕಸಿದುಕೊಂಡ.

ಆಮೇಲೆ ಹತ್ತಿರ ಹೋಗಿ ಚಹಾ ಕುಡಿಯುವಾಗ ಜೇಬಿನಿಂದ ಐದು ರೂಪಾಯಿ ನಾಣ್ಯವನ್ನು ಬೇಕೆಂದೇ ಬೀಳಿಸಿದ. ಇದು ಹಳೆಯ ಪರೀಕ್ಷೆ. ಯಂತ್ರ ಬೇಡ, ಕರೆಂಟು ಬೇಡ. ಬೆನ್ನೆಲುಬು ನೆಟ್ಟಗಿರುವವನು ಬಗ್ಗಿ ಎತ್ತುತ್ತಾನೆ, ಕೆಟ್ಟಿರುವವನು ಕುಕ್ಕರಗಾಲಲ್ಲಿ ಇಳಿಯುತ್ತಾನೆ. ಕುರಿಗಾರ ಇಳಿದ.

"ಯಾವಾಗಿಂದ ಕಾಕಾ ಈ ಟೊಂಕದ ಬ್ಯಾನಿ?"

"ಶೀಗಿ ಹುಣ್ಣಿವಿಂದ ರೀ ಸಾಹೇಬ್ರ. ರಾತ್ರಿ ಜ್ವರ ಬಂದಂಗ ಆಗತೈತಿ, ಅಂಗಿ ತೊಯ್ತೈತಿ, ಮುಂಜಾನಿ ಮತ್ತ ಏನೂ ಇಲ್ಲ. ಸುಟಗಿ ಕೊಡಿಸಿದ್ವಿ. ಬೆನ್ನಾಗ ಗ್ಯಾಪ್ ಬಂದೈತಿ ಅಂತಾರ."

ಅಂಗಿ ಎತ್ತಿ ತೋರಿಸಿದ. ಸೊಂಟದ ಎರಡೂ ಬದಿಗೆ ಬಿಲ್ಲೆಯಷ್ಟಗಲದ ನಾಲ್ಕು ಸುಟ್ಟ ಗುರುತು. 'ಗ್ಯಾಪ್' ಎಂಬುದು ಈ ಭಾಗದ ಎಲ್ಲ ಬೆನ್ನುನೋವಿಗೂ ಸಿಕ್ಕಿರುವ ಒಂದೇ ಹೆಸರು. ಕಂದು ಹಕ್ಕಿಯೆಲ್ಲ ಮಾಂಟೆಗು ಎಂದು ನಾನು ಬರೆಯುತ್ತಿದ್ದೆನಲ್ಲ, ಹಾಗೆ.

ಅಂದು ರಾತ್ರಿ ಇಂಡಿಯ ಖಾನಾವಳಿಯಲ್ಲಿ ರೊಟ್ಟಿ ಮುರಿಯುತ್ತ ಗೆಳೆಯ ಹೇಳಿದ್ದನ್ನು ಬರೆದುಕೊಂಡೆ. ಬೆನ್ನೆಲುಬಿನಲ್ಲೇ ಹುಟ್ಟುವ ಗಡ್ಡೆ ಬಹಳ ಅಪರೂಪ. ಅಲ್ಲಿ ಸಿಗುವ ಕ್ಯಾನ್ಸರ್ ಬಹುಪಾಲು ಬೇರೆಡೆಯಿಂದ ಹರಡಿಕೊಂಡು ಬಂದದ್ದು: ಸ್ತನದಿಂದ, ಶ್ವಾಸಕೋಶದಿಂದ, ಗಂಡಸರಲ್ಲಿ ಪ್ರಾಸ್ಟೇಟಿನಿಂದ. ಆದರೆ ಈ ಸೀಮೆಯಲ್ಲಿ ಗಡ್ಡೆಯ ವೇಷ ಹಾಕಿಕೊಂಡು ತಿರುಗುವ ಬೇರೆ ಮೂರು ರೋಗಗಳಿವೆ: ಕ್ಷಯ, ಕುರಿ-ಆಡಿನಿಂದ ಬರುವ ಬ್ರುಸೆಲ್ಲಾ, ನೀರಿನ ಫ್ಲೋರೈಡು. ಅಪರೂಪದ್ದನ್ನು ಗುರುತಿಸಬೇಕೆಂದರೆ ಮೊದಲು ಈ ಮೂರರ ನಡೆನುಡಿ ಬಾಯಿಪಾಠ ಇರಬೇಕು.

ಕ್ಷಯ ಹಳೆಯ ಪರಿಚಯ. ಲಂಡನ್ನಿನ ಪರ್ಸಿವಲ್ ಪಾಟ್ 1779ರಲ್ಲಿ ಬರೆದಿಟ್ಟ ಗೂನು ಅದು. ಅದಕ್ಕೆ ಎದೆಮಟ್ಟದ ಕಶೇರುಗಳು ಇಷ್ಟ. ಎಲುಬಿನ ಅಂಚನ್ನು ಮೊದಲು ತಿಂದು, ಆಮೇಲೆ ಎರಡು ಕಶೇರುಗಳ ನಡುವಿನ ಮೆತ್ತನೆಯ ಬಿಲ್ಲೆಯನ್ನೂ ಕರಗಿಸಿ, ಬೆನ್ನನ್ನು ಮುಂದಕ್ಕೆ ಕುಸಿಸುತ್ತದೆ. ಗಡ್ಡೆ ಹಾಗಲ್ಲ. ಸಾಮಾನ್ಯವಾಗಿ ಬಿಲ್ಲೆಯನ್ನು ಮುಟ್ಟದೆ ಎಲುಬನ್ನಷ್ಟೇ ಹಿಡಿಯುತ್ತದೆ. ಹಾಗಾಗಿ ಎಕ್ಸ್‌ರೇ ನೋಡುವವರು ಮೊದಲು ನೋಡುವುದು ಎಲುಬನ್ನಲ್ಲ, ಎಲುಬುಗಳ ನಡುವಿನ ಖಾಲಿ ಜಾಗವನ್ನು. ಬಿಲ್ಲೆ ಹಾಳಾಗಿದ್ದರೆ ಒಂದು ರೀತಿಯಲ್ಲಿ ಸಮಾಧಾನ, ಔಷಧಿಗೆ ಬಗ್ಗುವ ರೋಗ. ಬಿಲ್ಲೆ ಚೆನ್ನಾಗಿದ್ದು ಎಲುಬು ಹಾಳಾಗಿದ್ದರೆ ಚಿಂತೆ.

ಬ್ರುಸೆಲ್ಲಾದ ವಿಷಯದಲ್ಲಿ ವಿಜಯಪುರಕ್ಕೆ ದೊಡ್ಡ ಹೆಸರಿದೆ, ಊರಿನವರಿಗೇ ಅದು ಹೆಚ್ಚು ಗೊತ್ತಿಲ್ಲ. ಡೇವಿಡ್ ಬ್ರೂಸ್ ಮಾಲ್ಟಾ ದ್ವೀಪದಲ್ಲಿ ಸೈನಿಕರ ಜ್ವರದ ಹಿಂದಿನ ಈ ಸೂಕ್ಷ್ಮಾಣುವನ್ನು ಕಂಡಿದ್ದು 1880ರ ದಶಕದಲ್ಲಿ. ಅದು ಆಡಿನಿಂದ ಬರುತ್ತದೆಂದು ಅಲ್ಲಿಯವರೇ ಆದ ಥೆಮಿಸ್ಟೋಕ್ಲಿಸ್ ಜಮ್ಮಿಟ್ 1905ರಲ್ಲಿ ತೋರಿಸಿದರು. ವಿಜಯಪುರದ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಬಿ.ಜಿ. ಮಂಟೂರ ಮತ್ತು ಸಂಗಡಿಗರು ಇದೇ ರೋಗದ ಬೆನ್ನು ಹತ್ತಿ 16 ವರ್ಷ ರಕ್ತದ ಮಾದರಿಗಳನ್ನು ಪರೀಕ್ಷಿಸಿ, 495 ವಯಸ್ಕ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದರು. ಹದಿನಾರು ವರ್ಷ! ಹಕ್ಕಿ ನೋಡುವ ನಮಗೂ ಅಷ್ಟು ತಾಳ್ಮೆ ಇಲ್ಲ. ಈ ಸೂಕ್ಷ್ಮಾಣು ಬಾಟಲಿಯಲ್ಲಿ ಬೆಳೆಯಲು ವಾರಗಟ್ಟಲೆ ತೆಗೆದುಕೊಳ್ಳಬಲ್ಲುದು. ಐದನೇ ದಿನ ಏನೂ ಬೆಳೆದಿಲ್ಲವೆಂದು ಬಾಟಲಿ ಎಸೆದರೆ ರೋಗವೂ ಅದರ ಜೊತೆ ಹೋಯಿತು. ಯಾರಾದರೂ ಮೊದಲೇ ಅನುಮಾನ ಪಟ್ಟು 'ಇದನ್ನು ಇಡಿ' ಎಂದು ಬರೆದಿದ್ದರೆ ಮಾತ್ರ ಅದು ಉಳಿಯುತ್ತದೆ.

ಅನುಮಾನ ಎಲ್ಲಿಂದ ಬರಬೇಕು? ಕುರಿಗಾರನ ಕಂಬಳಿಯಿಂದ. ಹಸಿ ಹಾಲು ಕುಡಿದೆಯಾ, ಕುರಿ ಈದಾಗ ಕೈಹಾಕಿ ಮರಿ ಎಳೆದೆಯಾ, ಹಿಂಡಿನಲ್ಲಿ ಎಷ್ಟು ಕುರಿ ಕಂದು ಹಾಕಿದವು ಎಂದು ಕೇಳುವುದರಿಂದ. ಬೆನ್ನಿನಲ್ಲಿ ಇದಕ್ಕೆ ಸೊಂಟದ ಕಶೇರುಗಳೇ ಪ್ರೀತಿ. ಕಶೇರುವಿನ ಮುಂದಿನ ಮೇಲಿನ ಮೂಲೆಯನ್ನು ಮೆಲ್ಲಗೆ ಕಡಿದು, ಆಮೇಲೆ ಅಲ್ಲೇ ಹೊಸ ಎಲುಬು ಬೆಳೆಸುತ್ತದೆ. ಎಕ್ಸ್‌ರೇಯಲ್ಲಿ ಅದು ಗಿಳಿಯ ಕೊಕ್ಕಿನಂತೆ ಬಾಗಿ ಕಾಣುತ್ತದೆ. ಗಿಳಿಕೊಕ್ಕು ಎಂದೇ ವೈದ್ಯರು ಕರೆಯುತ್ತಾರೆ. ವೈದ್ಯರ ಪುಸ್ತಕದಲ್ಲಾದರೂ ಒಂದು ಹಕ್ಕಿ ಸಿಕ್ಕಿತಲ್ಲ ಎಂದೆ. ಗೆಳೆಯ ನಗಲಿಲ್ಲ. ಅವನ ಮನಸ್ಸು ಕುರಿಗಾರನ ಅಂಗಿ ತೊಯ್ಯುವುದರ ಮೇಲಿತ್ತು.

ಮರುದಿನ ಕುರಿಗಾರನಿಗೆ ವಿಜಯಪುರಕ್ಕೆ ಹೋಗಲು ಚೀಟಿ ಬರೆದುಕೊಟ್ಟ. ಹೋಗುತ್ತಾನೋ ಇಲ್ಲವೋ ಎಂಬುದು ಬೇರೆ ಮಾತು. ಇಂಡಿಯ ಜನಕ್ಕೆ ಸೊಲ್ಲಾಪುರವೂ ದೂರವಲ್ಲ. ಹಿಂದಿನ ತಲೆಮಾರು ರೈಲು ಹಿಡಿದು ಮೀರಜಿಗೆ, 1894ರಲ್ಲಿ ವಿಲಿಯಂ ವಾನ್‌ಲೆಸ್ ತೆರೆದ ಮಿಷನ್ ದವಾಖಾನೆಗೆ ಹೋಗುತ್ತಿತ್ತು. ಕಾಯಿಲೆ ವಾಸಿಯಾಗದಿದ್ದರೆ 'ಮೀರಜಿಗೂ ಹೋಗಿ ಬಂದ್ವಿ' ಎನ್ನುವ ಮುದುಕಿಯರನ್ನು ನಾನು ಬಲ್ಲೆ.

ಮುದ್ದೇಬಿಹಾಳದ ಕಡೆ, ಫೆಬ್ರುವರಿ. ಇಲ್ಲಿ ನೆಲ ಬದಲಾಗುತ್ತದೆ. ಇಂಡಿ, ಸಿಂದಗಿಯ ಕಪ್ಪು ಬಸಾಲ್ಟು ಹಿಂದೆ ಉಳಿದು ಗ್ರಾನೈಟು, ಸುಣ್ಣಕಲ್ಲು ಕಾಣಿಸುತ್ತವೆ. ಆಲಮಟ್ಟಿಯ ಹಿನ್ನೀರಿನಲ್ಲಿ ಪಟ್ಟೆತಲೆ ಬಾತುಗಳು ಇನ್ನೂ ಇದ್ದವು. ಅವನ್ನು ಎಣಿಸಿ ಬರುವಾಗ ಒಂದು ಹಳ್ಳಿಯ ಕಟ್ಟೆಯ ಮೇಲೆ ಕೂತೆವು. ಗ್ರಾನೈಟಿನ ಸೀಳಿನಲ್ಲಿ ವರ್ಷಗಟ್ಟಲೆ ನಿಂತ ನೀರು ಕಲ್ಲಿನಿಂದ ಫ್ಲೋರೈಡು ಎಳೆದುಕೊಳ್ಳುತ್ತದೆ. ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಸೋಡಿಯಂ ಹೆಚ್ಚಿದಷ್ಟೂ ಅದು ಕರಗಿಕೊಂಡೇ ಉಳಿಯುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಒಳ್ಳೆಯದು, ಬೇರೆ ಗತಿ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂದು ನಮ್ಮ ಮಾನಕ ಹೇಳುತ್ತದೆ. ಈ ಜಿಲ್ಲೆಯ ಎಷ್ಟೋ ಬೋರುಗಳು ಆ ಗೆರೆಯನ್ನು ದಾಟಿವೆ.

ಕಟ್ಟೆಯ ಮೇಲೆ ಮೂವರು ಮುದುಕರು, ಒಬ್ಬ ಮುದುಕಿ. ಗೆಳೆಯ ಅವರೊಂದಿಗೆ ಮಾತಾಡುತ್ತ ಹಲ್ಲು ನೋಡುತ್ತಿದ್ದ. ಹುಟ್ಟಿದ ಊರಿನ ನೀರು ಹಲ್ಲಿನಲ್ಲಿ ದಾಖಲಾಗುತ್ತದೆ. ಶಾಶ್ವತ ಹಲ್ಲು ಒಸಡಿನೊಳಗೆ ಗಟ್ಟಿಯಾಗುವುದು ಸುಮಾರು ಎಂಟು ವರ್ಷದೊಳಗೆ. ಆಗ ಕುಡಿದ ಫ್ಲೋರೈಡು ಅಡ್ಡಡ್ಡ ಕಂದು ಗೆರೆಯಾಗಿ ಜೀವಮಾನವಿಡೀ ಉಳಿಯುತ್ತದೆ. ಮುದುಕರ ಹಲ್ಲಲ್ಲಿ ಗೆರೆ ಇತ್ತು. ಮುದುಕಿಯ ಹಲ್ಲು, ಉಳಿದವು ನಾಲ್ಕೇ ಆದರೂ, ಸ್ವಚ್ಛ. ಆದರೆ ಎಲ್ಲರಿಗಿಂತ ಹೆಚ್ಚು ಸೆಟೆದ ಬೆನ್ನು ಅವಳದ್ದೇ. ಹಿಂದಿನಿಂದ ಕರೆದರೆ ಕೊರಳಲ್ಲ, ಇಡೀ ಮೈ ತಿರುಗುತ್ತಿತ್ತು.

"ಯವ್ವಾ, ನಿನ್ನ ತವರುಮನಿ ಯಾವೂರು?"

ದೂರದ ಬೇರೆ ಸೀಮೆಯ ಒಂದು ಊರು ಹೇಳಿದಳು. ಹದಿನಾಲ್ಕನೇ ವರ್ಷಕ್ಕೆ ಮದುವೆಯಾಗಿ ಬಂದವಳು. ಹಲ್ಲು ತವರಿನದು, ಬೆನ್ನು ಗಂಡನ ಮನೆಯದು. ಗೆಳೆಯ ಗದ್ದವನ್ನು ಎದೆಗೆ ತಾಗಿಸಲು, ಎರಡೂ ಕೈಯನ್ನು ತಲೆಯ ಹಿಂದೆ ಒಯ್ಯಲು ಹೇಳಿದ. ಎರಡೂ ಆಗಲಿಲ್ಲ. "ಜಡಿ ಹಾಕ್ಕೊಳಾಕ ಸೊಸಿನ ಬೇಕ್ರಿ" ಎಂದು ನಕ್ಕಳು.

ನೀರಿನ ಫ್ಲೋರೈಡು ಬೆನ್ನುಹುರಿಯನ್ನು ಹಿಸುಕಿ ಕಾಲಿನ ಬಲ ತೆಗೆಯಬಲ್ಲುದೆಂದು ಶಾರ್ಟ್ ಮತ್ತು ಸಂಗಡಿಗರು 1937ರಲ್ಲಿ ನೆಲ್ಲೂರು ಜಿಲ್ಲೆಯ ಹಳ್ಳಿಗಳಿಂದ ವರದಿ ಮಾಡಿದ್ದರು. ಕಾಲಿನ ಬಲ ಹೋಗುವುದು ಬೆನ್ನುಹುರಿಯ ಗಡ್ಡೆಯಲ್ಲೂ ಹಾಗೆಯೇ. ಎಕ್ಸ್‌ರೇಯಲ್ಲಿ ಫ್ಲೋರೈಡು ತುಂಬಿದ ಬೆನ್ನೆಲುಬು ಸುಣ್ಣ ಬಳಿದಂತೆ ಬೆಳ್ಳಗೆ ಕಾಣುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಹರಡಿದ ಎಲುಬೂ ಬೆಳ್ಳಗೇ. ಅರವತ್ತೈದು ದಾಟಿದ ಗಂಡಸಿನ ಬಿಳಿ ಬೆನ್ನೆಲುಬು ನೋಡಿ ಮನೆಯವರಿಗೆ 'ಕ್ಯಾನ್ಸರ್' ಎಂದು ಹೇಳಿಬಿಡುವುದು ಸುಲಭ. ಹೀಗಾದಾಗ ಬೆನ್ನನ್ನು ಬಿಟ್ಟು ಮುಂಗೈಯ ಎಕ್ಸ್‌ರೇ ತೆಗೆಸಬೇಕು. ಮುಂಗೈಯ ಎರಡು ಎಲುಬಿನ ನಡುವೆ ಒಂದು ತೆಳು ಪರದೆ ಇದೆ. ಫ್ಲೋರೈಡಿನಲ್ಲಿ ಆ ಪರದೆ ಗಟ್ಟಿಯಾಗಿ ಎಲುಬಿನ ಅಂಚಿನಿಂದ ಜಾಲಿ ಮುಳ್ಳಿನಂತೆ ಹೊರಚಾಚುತ್ತದೆ. ಕ್ಯಾನ್ಸರ್ ಆ ಕೆಲಸ ಮಾಡುವುದಿಲ್ಲ. ಇದನ್ನು ಕೇಳಿದಾಗ ನನಗೆ ಥಟ್ಟನೆ ಆ ಕೊರಳ ಪಟ್ಟಿ ನೆನಪಾಯಿತು. ಆದರೆ ಇಲ್ಲಿಯೂ ಮೈಮರೆಯುವಂತಿಲ್ಲ. ಮುಳ್ಳಿರುವ ಮುಂಗೈಯ ಮನುಷ್ಯನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಬರಬಾರದೆಂದು ಎಲ್ಲಿದೆ? ರಕ್ತಪರೀಕ್ಷೆಯೂ ಬೇಕು.

ಬಸವನ ಬಾಗೇವಾಡಿಗೆ ನಾನು ಹೋಗಿದ್ದು ಡೋಣಿ ನೋಡಲು. ಉಪ್ಪುನೀರಿನ ಹೊಳೆ, ದಂಡೆಯಲ್ಲಿ ಮಾತ್ರ ಜಿಲ್ಲೆಗೇ ಹೆಸರಾದ ಜೋಳದ ನೆಲ. ಗೆಳೆಯ ಹೊಳೆಗೆ ಬರಲಿಲ್ಲ, ಬಸವೇಶ್ವರ ಗುಡಿಯ ಎದುರು ಕೂತ. ಅವನ ಪ್ರಕಾರ ಬೆನ್ನು ನೋಡಲು ಗುಡಿಯಷ್ಟು ಒಳ್ಳೆಯ ಜಾಗ ಇಲ್ಲ. ದೀಡ ನಮಸ್ಕಾರ ಹಾಕುವವರು, ಹೊಸ್ತಿಲಿಗೆ ಹಣೆ ಹಚ್ಚುವವರು, ಹಚ್ಚಲಾಗದೆ ಕೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವವರು, ಶಿಖರ ನೋಡಲು ಇಡೀ ದೇಹವನ್ನೇ ಹಿಂದಕ್ಕೆ ವಾಲಿಸುವವರು. ಎರಡು ತಾಸಿನಲ್ಲಿ ಹನ್ನೊಂದು ಜನರ ಲೆಕ್ಕ ಬರೆದುಕೊಂಡಿದ್ದ. ನಾನು ಡೋಣಿಯಲ್ಲಿ ಕಂಡದ್ದು ಎರಡು ಟಿಟ್ಟಿಭ.

ಈಗ ಸಿಂದಗಿ. ಈ ಊರಿನ ಬಗ್ಗೆ ನಾನು ತಟಸ್ಥವಾಗಿ ಬರೆಯಲಾರೆ. ಅಲ್ಲಿ ನಮ್ಮ ಸೋದರಮಾವ ಟೇಲರ್ ಆಗಿದ್ದರು. ಅವರಿಗೆ ಕೂತರೆ ನೋವು, ನಿಂತರೆ ಇಲ್ಲ. ಮಷಿನ್ ಮುಂದೆ ಒಂದು ಕುಂಡಿ ಎತ್ತಿ ವಾಲಿ ಕೂರುತ್ತಿದ್ದರು. ಹೊರಕಡೆಗೆ ಸರಿಯಾಗಿ ಆಗುತ್ತಿರಲಿಲ್ಲ, ಮೂಲವ್ಯಾಧಿ ಎಂದರು. ಆಮೇಲೆ ಗ್ಯಾಪ್ ಎಂದರು. ಆಮೇಲೆ ಒಂದು ದವಾಖಾನೆಯಲ್ಲಿ ಕ್ಷಯ ಎಂದು ಗುಳಿಗೆ ಕೊಟ್ಟರು, ಒಂಬತ್ತು ತಿಂಗಳು ನುಂಗಿದರು. ಕಫ ನೋಡಲಿಲ್ಲ, ತುಣುಕು ತೆಗೆದು ನೋಡಲಿಲ್ಲ. ಕೋಪ ಬರುತ್ತದೆ. ಆದರೆ ಎಂಟು ಚಳಿಗಾಲ ಕೊರಳ ಪಟ್ಟಿ ನೋಡದವನು ನಾನೇ ಅಲ್ಲವೇ? ಕ್ಷಯವೇ ತುಂಬಿರುವ ನಾಡಿನಲ್ಲಿ ಕ್ಷಯ ಎಂದು ಹೇಳಿದರೆ ಹತ್ತರಲ್ಲಿ ಎಂಟು ಸಲ ಸರಿಯಾಗಬಹುದು. ತಪ್ಪಿದವರ ಮನೆಯಲ್ಲಿ ಆ ಲೆಕ್ಕ ಯಾರಿಗೂ ಬೇಡ.

ಎಕ್ಸ್‌ರೇ ಎರಡು ಸಲ ಆಗಿತ್ತು. ಸೊಂಟದ ಕೆಳಗಿನ ತ್ರಿಕಾಸ್ಥಿಯ ಮುಂದೆ ಕರುಳಿನ ಗಾಳಿ ಮುಸುಕು ಹಾಕುತ್ತದೆ, ಅಲ್ಲಿಯ ಗಡ್ಡೆ ಎಕ್ಸ್‌ರೇಯಲ್ಲಿ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಎರಡು ವರ್ಷದ ಮೇಲೆ ಒಬ್ಬ ಎಳೆಯ ಡಾಕ್ಟರು ಕೈಗವಸು ಹಾಕಿ ಗುದದಲ್ಲಿ ಬೆರಳಿಟ್ಟು ನೋಡಿದ. ಒಂದು ನಿಮಿಷದ ಪರೀಕ್ಷೆ. ಬೆರಳ ತುದಿಗೆ, ಹಿಂಬದಿಯಲ್ಲಿ, ಲಿಂಬೆಹಣ್ಣಿಗಿಂತ ದೊಡ್ಡದು, ಗಟ್ಟಿ, ಅಲುಗದ್ದು ಸಿಕ್ಕಿತು. ಇಂಡಿ ಲಿಂಬೆಯ ಊರಿನ ಪಕ್ಕದವರು ನಾವು, ಆ ಹೋಲಿಕೆ ನಮಗೆ ಬೇಗ ಅರ್ಥವಾಯಿತು.

ಆ ಗಡ್ಡೆಯ ಹೆಸರು ಕಾರ್ಡೋಮ. ಅಮೆರಿಕದ ದಾಖಲೆಗಳಂತೆ ಹತ್ತು ಲಕ್ಷ ಜನಕ್ಕೆ ವರ್ಷಕ್ಕೆ ಸುಮಾರು ಒಂದು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆ 21.77 ಲಕ್ಷ. ಅದೇ ಲೆಕ್ಕ ಇಲ್ಲಿಗೂ ಹಿಡಿದರೆ ವರ್ಷಕ್ಕೆ ಇಬ್ಬರು. ಮಳೆಗಾಲದಲ್ಲಿ ಎರಿ ಹೊಲದ ಕುಣಿಯಲ್ಲಿ ಗೊದಮೊಟ್ಟೆ ನೋಡಿದವರಿಗೆ ಈ ಗಡ್ಡೆಯ ಹುಟ್ಟು ಅರ್ಥವಾಗುತ್ತದೆ. ಗೊದಮೊಟ್ಟೆಯ ಬಾಲದುದ್ದಕ್ಕೂ ಒಂದು ಮೆತ್ತನೆಯ ಸರಳಿದೆ, ನೋಟೊಕಾರ್ಡ್. ಗರ್ಭದಲ್ಲಿ ನಮಗೂ ಅದೇ ಮೊದಲ ಬೆನ್ನು. ಕಶೇರುಗಳು ಮೂಡುತ್ತಿದ್ದಂತೆ ಅದು ಕರಗುತ್ತದೆ, ಬಿಲ್ಲೆಯ ತಿರುಳಿನಲ್ಲಿ ಸ್ವಲ್ಪ ಸೇರಿಕೊಳ್ಳುತ್ತದೆ. ಎಲ್ಲೋ ಒಂದೆರಡು ಚೂರು ಬೆನ್ನಿನ ಎರಡು ತುದಿಗಳಲ್ಲಿ, ತಲೆಬುರುಡೆಯ ತಳದಲ್ಲಿ ಮತ್ತು ತ್ರಿಕಾಸ್ಥಿಯಲ್ಲಿ, ಉಳಿದುಬಿಡುತ್ತದೆ. ಐವತ್ತು ಅರವತ್ತು ವರ್ಷ ಸುಮ್ಮನಿದ್ದು ಒಂದು ದಿನ ಬೆಳೆಯತೊಡಗುತ್ತದೆ. ಬಹಳ ನಿಧಾನ, ಅದಕ್ಕೇ ಯಾರ ಕಣ್ಣಿಗೂ ಬೀಳುವುದಿಲ್ಲ.

ವಿರ್ಕೋ 1857ರಲ್ಲಿ ಸೂಕ್ಷ್ಮದರ್ಶಕದಲ್ಲಿ ಇದರ ಕೋಶಗಳನ್ನು ಕಂಡಾಗ ಒಳಗೆಲ್ಲ ಗುಳ್ಳೆಗಳಿದ್ದವು, ಉಕ್ಕುವ ಹಾಲಿನ ನೊರೆಯಂತೆ. ಈಗ ಇನ್ನೂ ಖಚಿತವಾದ ಗುರುತಿದೆ. 1927ರಲ್ಲಿ ಪ್ಯಾರಿಸ್ಸಿನಲ್ಲಿ ನಾದೆಝ್ದಾ ದೊಬ್ರೊವೊಲ್ಸ್ಕಾಯಾ-ಝವಾದ್‌ಸ್ಕಾಯಾ ಎಂಬ ರಷ್ಯನ್ ವಿಜ್ಞಾನಿ ಮೋಟುಬಾಲದ ಇಲಿಗಳನ್ನು ವಿವರಿಸಿದರು. ಅದಕ್ಕೆ ಕಾರಣವಾದ ಜೀನಿಗೆ ಬ್ರಾಕಿಯುರಿ, ಅಂದರೆ ಮೋಟುಬಾಲ, ಎಂದು ಹೆಸರಾಯಿತು. ನೋಟೊಕಾರ್ಡ್ ಕಟ್ಟುವ ಜೀನ್ ಅದು. ಅದರ ಪ್ರೋಟೀನು ಕಾರ್ಡೋಮದ ಗುರುತೆಂದು 2006ರಲ್ಲಿ ಗೊತ್ತಾಯಿತು. ಬಣ್ಣ ಹಾಕಿದಾಗ ಕೋಶದ ನಡುವಿನ ಚುಕ್ಕೆ ಕಂದಾದರೆ ಸಂಶಯ ಹೆಚ್ಚು ಉಳಿಯುವುದಿಲ್ಲ. ಇಲಿಯ ಬಾಲ ಅಳೆದವರ ಕೆಲಸ ಸಿಂದಗಿಯ ಟೇಲರನಿಗೆ ಬಂದು ಮುಟ್ಟಲು ಎಂಬತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ತುಣುಕು ತೆಗೆಯುವುದರಲ್ಲೂ ಒಂದು ಸೂಕ್ಷ್ಮವಿದೆ. ಬೆರಳಿಗೆ ಸಿಕ್ಕಿತೆಂದು ಗುದದ ಮೂಲಕ ಸೂಜಿ ಚುಚ್ಚಬಾರದು. ಸೂಜಿ ಹೋದ ದಾರಿಯುದ್ದಕ್ಕೂ ಗಡ್ಡೆಯ ಬೀಜ ಬೀಳಬಹುದು. ಹಿಂದಿನಿಂದ, ಆಮೇಲೆ ಆಪರೇಷನ್ ಮಾಡುವವರು ಆ ದಾರಿಯನ್ನೂ ಸೇರಿಸಿ ಕತ್ತರಿಸಿ ತೆಗೆಯುವಂಥ ಜಾಗದಿಂದ ಚುಚ್ಚಬೇಕು. ಹಾಗಾಗಿ ಸೂಜಿ ಹಿಡಿಯುವ ಮೊದಲೇ ಕತ್ತಿ ಹಿಡಿಯುವವರು ಯಾರೆಂದು ಗೊತ್ತಿರಬೇಕು. ಮಾವನನ್ನು ಐನೂರು ಕಿಲೋಮೀಟರ್ ಆಚೆ ಬೆಂಗಳೂರಿಗೆ ಕರೆದೊಯ್ದೆವು. ಆಮೇಲೆ ಏಳು ವರ್ಷ ಇದ್ದರು, ಕೊನೆಯವರೆಗೂ ಒಂದು ಬದಿಗೆ ವಾಲಿಯೇ ಕೂರುತ್ತಿದ್ದರು.

ಗೆಳೆಯ ತೋರಿಸಿದ ಚಿತ್ರಗಳಲ್ಲಿ ನನಗೆ ಇಷ್ಟವಾದದ್ದು ಹೆಮಾಂಜಿಯೋಮ, ರಕ್ತನಾಳದ ಗಡ್ಡೆ. ಇದು ಅಪರೂಪವೇನಲ್ಲ, ಹೆಚ್ಚಿನವರಿಗೆ ತೊಂದರೆಯೂ ಕೊಡುವುದಿಲ್ಲ. ಕಶೇರುವನ್ನು ಪಕ್ಕದಿಂದ ನೋಡಿದರೆ ಒಳಗೆ ನೆಟ್ಟನೆಯ ಗೆರೆಗಳು, ಜೋಳದ ಸಾಲಿನಂತೆ. ಸಿ.ಟಿ.ಯಲ್ಲಿ ಮೇಲಿನಿಂದ ಅಡ್ಡ ಕೊಯ್ದಂತೆ ನೋಡಿದರೆ ಅದೇ ಸಾಲು ಚುಕ್ಕೆ ಚುಕ್ಕೆ, ಕೊಯ್ಲಾದ ಹೊಲದ ಕೂಳೆಯಂತೆ. ಇದನ್ನು ಗುರುತಿಸಲು ಬಾರದಿದ್ದರೆ ಇಲ್ಲದ ಕ್ಯಾನ್ಸರಿಗೆ ಒಂದು ಮನೆ ಹೊಲ ಮಾರುತ್ತದೆ. ಇನ್ನೊಂದು, ಹರೆಯದ ಹುಡುಗರಲ್ಲಿ ಬರುವ ಆಸ್ಟಿಯಾಯ್ಡ್ ಆಸ್ಟಿಯೋಮ: ಕಡಲೆಕಾಳಿನಷ್ಟು ಚಿಕ್ಕದು, ಹಗಲು ಸುಮ್ಮನಿದ್ದು ರಾತ್ರಿ ಕಾಡುತ್ತದೆ, ಒಂದು ಆಸ್ಪಿರಿನ್ ಗುಳಿಗೆಗೆ ತಣ್ಣಗಾಗುತ್ತದೆ. ಹುಡುಗನ ಬೆನ್ನು ನೋವಿನ ಬದಿಗೆ ಬಾಗಿರುತ್ತದೆ. ರಾತ್ರಿ ಮಲಗಗೊಡದ, ವಿಶ್ರಾಂತಿಗೆ ಬಗ್ಗದ ನೋವನ್ನು ಗ್ಯಾಪ್ ಎಂದು ಬಿಡಬಾರದು ಎಂದು ಗೆಳೆಯ ಹೋದಲ್ಲೆಲ್ಲ ಹೇಳುತ್ತಾನೆ.

ಯಂತ್ರ ಇಲ್ಲದೆಯೂ ಎಷ್ಟು ದೂರ ಹೋಗಬಹುದೆಂಬುದಕ್ಕೆ ಅವನು ಒಂದು ಹಳೆಯ ಪ್ರಸಂಗ ಹೇಳುತ್ತಾನೆ. ಲಂಡನ್, 1887. ಒಬ್ಬ ಕ್ಯಾಪ್ಟನ್ನನಿಗೆ ಮೂರು ವರ್ಷದಿಂದ ಬೆನ್ನುನೋವು, ಕಾಲು ಬಲ ಕಳೆದುಕೊಳ್ಳುತ್ತಿದೆ. ಎಕ್ಸ್‌ರೇ ಹುಟ್ಟಲು ಇನ್ನೂ ಎಂಟು ವರ್ಷ. ವಿಲಿಯಂ ಗವರ್ಸ್ ಎಂಬ ವೈದ್ಯ ಚರ್ಮದ ಮೇಲೆ ಸ್ಪರ್ಶ ಎಲ್ಲಿ ನಿಲ್ಲುತ್ತದೆ, ನೋವು ಯಾವ ಪಕ್ಕೆಲುಬಿನ ಗುಂಟ ಓಡುತ್ತದೆ ಎಂದು ನೋಡಿಯೇ ಗಡ್ಡೆ ಇಂಥಲ್ಲಿರಬೇಕೆಂದ. ಜೂನ್ 9ರಂದು ವಿಕ್ಟರ್ ಹಾರ್ಸ್ಲಿ ಬೆನ್ನು ತೆರೆದ. ಅಲ್ಲಿ ಏನೂ ಇಲ್ಲ. ಇನ್ನೊಂದಿಷ್ಟು ಮೇಲಕ್ಕೆ ಎಲುಬು ತೆಗೆದ. ಬಾದಾಮಿಯಾಕಾರದ ಗಡ್ಡೆ ಬೆನ್ನುಹುರಿಯನ್ನು ಒತ್ತಿಕೊಂಡು ಕೂತಿತ್ತು. ಕ್ಯಾಪ್ಟನ್ ಮತ್ತೆ ಎದ್ದು ನಡೆದ. ಪುಸ್ತಕಗಳು ಇದನ್ನು ಗೆಲುವಿನ ಕಥೆಯೆಂದು ಹೇಳುತ್ತವೆ. ನನಗೆ ಮಾತ್ರ ಆ ಮೊದಲ ಖಾಲಿ ರಂಧ್ರದ ಮುಂದೆ ನಿಂತವರ ಮುಖ ನೋಡಬೇಕೆನಿಸುತ್ತದೆ.

ಮಾರ್ಚ್ ಕೊನೆ, ಮತ್ತೆ ಇಂಡಿ. ಜೋಳದ ರಾಶಿ ಮುಗಿದಿತ್ತು. ಹ್ಯಾರಿಯರ್‌ಗಳು ನಾಲ್ಕೇ ಉಳಿದಿದ್ದವು. ಒಂದರ ಕೊರಳು ಕಾಣಲಿಲ್ಲ, ಪ್ರಶ್ನೆ ಚಿಹ್ನೆ ಹಾಕಿ ಬಿಟ್ಟೆ. ಕುರಿಗಾರನ ಹಿಂಡು ಭೀಮೆಯ ಕಡೆ ಸರಿದಿತ್ತು, ಹುಡುಕಿಕೊಂಡು ಹೋದೆವು. ಅವನು ವಿಜಯಪುರಕ್ಕೆ ಹೋಗಿದ್ದ. ಬೆನ್ನಿನಲ್ಲಿ ಗಡ್ಡೆ ಇರಲಿಲ್ಲ, ಬ್ರುಸೆಲ್ಲಾ ಎಂದು ರಕ್ತ ಹೇಳಿತ್ತು. ಕನಿಷ್ಠ ಮೂರು ತಿಂಗಳ ಗುಳಿಗೆ, ಎರಡು ತಿಂಗಳದ್ದು ಮುಗಿದಿತ್ತು. ಗುಳಿಗೆಯಿಂದ ಮೂತ್ರ ಕೆಂಪಾಗುತ್ತದೆಂದು ಮೊದಲ ದಿನ ಹೆದರಿದ್ದನಂತೆ. ಗೆಳೆಯ ನಾಣ್ಯ ಬೀಳಿಸಲಿಲ್ಲ. ಅವಶ್ಯಕತೆ ಬೀಳಲಿಲ್ಲ. ಕುರಿಗಾರ ನಮ್ಮೆದುರೇ ಬಗ್ಗಿ ಬಲೆಯ ಗಂಟು ಬಿಚ್ಚಿದ.

"ಹಾಲು ಉಕ್ಕಿಸಿ ಕುಡೀತೀಯೋ ಇಲ್ಲೋ ಕಾಕಾ?"

"ಉಕ್ಕಸ್ತಾಳ್ರಿ ನಮ್ಮಾಕಿ. ರುಚಿ ಹೋಗೇತಿ."

ಬಲೆಯಾಚೆ ಒಂದು ಕುರಿ ಹಿಂಡಿನಿಂದ ದೂರ ನಿಂತಿತ್ತು. ಕಂದು ಹಾಕಿತ್ತು, ಆಗಷ್ಟೇ. ನಾಯಿ ಮೂಸುತ್ತಿತ್ತು. ಅವನು ಹೋಗಿ ನಾಯಿಯನ್ನು ಅಟ್ಟಿ, ಬರಿಗೈಯಲ್ಲೇ ಅದನ್ನು ಎತ್ತಿ ಬೇಲಿಯಾಚೆ ಜಾಲಿಯೊಳಗೆ ಒಗೆದ, ಕೈಯನ್ನು ಧೋತರಕ್ಕೆ ಒರೆಸಿಕೊಂಡ. ಗೆಳೆಯ ಕೂಗುವಷ್ಟರಲ್ಲಿ ಮುಗಿದಿತ್ತು. ಹೂಳಬೇಕಿತ್ತು, ಬರಿಗೈಯಲ್ಲಿ ಮುಟ್ಟಬಾರದಿತ್ತು ಎಂದು ಬಹಳ ಹೊತ್ತು ಹೇಳಿದ. ಕುರಿಗಾರ ಎಲ್ಲಕ್ಕೂ "ಹೂಂ ರೀ" ಎಂದ. ಕೈಗೆ ಕಟ್ಟಿಕೊಳ್ಳಲು ಇರಲಿ ಎಂದು, ನೋಟುಬುಕ್ಕು ಮಳೆಗೆ ತೊಯ್ಯದಂತೆ ಸುತ್ತಿಕೊಂಡಿದ್ದ ಎರಡು ಪ್ಲಾಸ್ಟಿಕ್ ಚೀಲವನ್ನು ನಾನು ಬಿಚ್ಚಿಕೊಟ್ಟೆ. ಅವನು ತಿರುವಿ ನೋಡಿ, ತೂತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಒಳಗೆ ಹೋಗಿ ಬುತ್ತಿಯ ರೊಟ್ಟಿ ಸುತ್ತಿಟ್ಟ.